ದೂರ ಇರುವವರ ಅಕ್ಕಿ

ನೋಮ್ ಪೆನ್
5 ಸೆಪ್ಟೆಂಬರ್ 2000

ಪ್ರಿಯ ಡಿಕಿ,

ನಾನು ಕ್ಷೇಮವಾಗಿ ತಲುಪಿದೆ. ವಿಮಾನ ನಿಲ್ದಾಣಕ್ಕೆ ಹುಡುಗಿಯರು ಬಂದಿರಲಿಲ್ಲ. ಗಾರ್ಮೆಂಟ್ ಕಾರ್ಖಾನೆಯಲ್ಲಿ ಓವರ್‌ಟೈಮ್ ಇತ್ತಂತೆ. ಅಡುಗೆಯ ಮಿಂಗ್ ಯೂನ್ ಒಬ್ಬಳೇ ಬಂದಿದ್ದಳು. ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, “ಅಯ್ಯೋ ನೆಯಕ್ ಕ್ರೂ, ಕಾಮಾಲೆ ಹೋಯ್ತು ಸರಿ, ನೀವೆಲ್ಲಿ ಹೋದ್ರಿ?” ಎಂದಳು. ನಕ್ಕೆ. ಈ ಊರಿಗೆ ಮರಳಿದ ಮೇಲೆ ನಕ್ಕದ್ದು ಅದೊಂದೇ ಸಲ.

ನಾನು ಊರಲ್ಲಿ ಮಲಗಿದ್ದ ವರ್ಷವೆಲ್ಲ ನೀನು ಕಾರ್ಖಾನೆ ಹುಡುಗಿಯರ ಈ ಹಾಸ್ಟೆಲ್ ಮನೆಯನ್ನು ಚೆನ್ನಾಗಿ ನಡೆಸಿದ್ದೀಯ. ಹನ್ನೆರಡು ಹುಡುಗಿಯರೂ ಇದ್ದಾರೆ, ಯಾರೂ ಬಿಟ್ಟು ಹೋಗಿಲ್ಲ. ನನ್ನ ಕಾಲದಲ್ಲಿ ವರ್ಷಕ್ಕೆ ಇಬ್ಬರಾದರೂ ಬಿಟ್ಟು ಹೋಗುತ್ತಿದ್ದರು. ಮಿಷನ್ ಬೋರ್ಡಿಗೂ ಇದನ್ನು ಬರೆದಿದ್ದೇನೆ.

ಒಲೆಯನ್ನು ಕಿಟಕಿಯ ಬಳಿಗೆ ಸರಿಸಿದ್ದೀಯ. ಹೊಗೆ ಹೊರಗೆ ಹೋಗುತ್ತದೆ, ಒಳ್ಳೆಯದೇ. ನನ್ನ ಕುರ್ಚಿ ಹಿತ್ತಲಲ್ಲಿ ಕೋಳಿಯ ಕೆಳಗೆ ಸಿಕ್ಕಿತು. ನೆನ್ನೆ ಪ್ರಾರ್ಥನೆಯಲ್ಲಿ ಹಾಡು ಎತ್ತಿಕೊಂಡೆ. ಚಂತಾ ನಡುವೆ ತಡೆದು, “ಹಾಗಲ್ಲ ನೆಯಕ್ ಕ್ರೂ, ಎರಡನೇ ಚರಣ ಬೋಂಗ್ ಡಿಕಿ ನಿಧಾನವಾಗಿ ಹಾಡಿಸ್ತಿದ್ರು” ಎಂದಳು. ಆ ಹಾಡನ್ನು ಖ್ಮೇರ್ ಭಾಷೆಗೆ ತಂದವಳು ನಾನು. ಆದರೂ ನಿಧಾನವಾಗಿ ಹಾಡಿದೆ.

ಎಂಟು ವರ್ಷ ಇಲ್ಲಿದ್ದರೂ ನಾನು ಇವರಿಗೆ ನೆಯಕ್ ಕ್ರೂ, ಅಂದರೆ ಟೀಚರಮ್ಮ. ನೀನು ಒಂದೇ ವರ್ಷದಲ್ಲಿ ಬೋಂಗ್ ಆಗಿಬಿಟ್ಟೆ, ಅಕ್ಕ. ಹೇಗೆ ಮಾಡಿದೆ ಎಂದು ಕೇಳುತ್ತಿದ್ದೇನೆ, ಬೇರೆ ಅರ್ಥವಿಲ್ಲ.

ಈ ತಿಂಗಳ ಕೊನೆಗೆ ಪಚುಂ ಬೆನ್. ಸತ್ತ ಹಿರಿಯರಿಗೆ ಅನ್ನದ ಉಂಡೆ ಇಡಲು ಊರಿಗೆ ಹೋಗಬೇಕು ಎಂದು ಎಲ್ಲರೂ ರಜೆ ಕೇಳಿದರು. ಹೋದ ವರ್ಷ ನೀನು ಕೊಟ್ಟಿದ್ದೆಯಂತೆ. ನಾನು ಎಂದೂ ಕೊಟ್ಟವಳಲ್ಲ. ಈಗ ಇಲ್ಲ ಎಂದರೆ ಕೆಟ್ಟವಳು ನಾನೇ.

ಒಲೆಯ ಪಕ್ಕದಲ್ಲಿ ಒಂದು ಬಿಸ್ಕತ್ತಿನ ಡಬ್ಬಿ ಇದೆ. ಅನ್ನಕ್ಕಿಡುವ ಮುಂಚೆ ಹುಡುಗಿಯರು ಒಂದು ಹಿಡಿ ಅಕ್ಕಿ ಅದಕ್ಕೆ ಹಾಕುತ್ತಾರೆ. ನೀನು ಕಲಿಸಿದ್ದಿರಬೇಕು. ಚರ್ಚಿಗೆಂದು ಹಿಡಿ ಅಕ್ಕಿ ತೆಗೆದಿಡುವ ನಮ್ಮ ಮಿಜೋರಾಮಿನ ಅಡುಗೆಮನೆಯ ಪದ್ಧತಿ ಇಲ್ಲಿಯವರೆಗೆ ಬಂದದ್ದು ಸಂತೋಷ. ಆದರೆ ಈ ಮಕ್ಕಳ ಪಾತ್ರೆಯಿಂದಲೂ ತೆಗೆಯಬೇಕಿತ್ತೇ?

ಅಮ್ಮನನ್ನು ಆಗಾಗ ನೋಡಿ ಬಾ. ಫೋನಿನಲ್ಲಿ ಅವಳು ಏನೂ ಕೇಳಿಸಿಕೊಳ್ಳುವುದಿಲ್ಲ, ಬರೀ ಕೂಗುತ್ತಾಳೆ.

ಕಿಮಿ


ಚಂಫಾಯ್
30 ಸೆಪ್ಟೆಂಬರ್ 2000

ಪ್ರೀತಿಯ ಉ ಕಿಮಿ,

ನೀವು ತಲುಪಿದ ಸುದ್ದಿ ಓದಿ ಮನಸ್ಸು ಹಗುರವಾಯಿತು.

ನಾನು ಮತ್ತೆ ಚರ್ಚಿನ ಶಾಲೆಯಲ್ಲಿ ಎರಡನೇ ತರಗತಿಗೆ ಪಾಠ ಹೇಳುತ್ತಿದ್ದೇನೆ. ಶಾಲೆ ಮುಗಿದ ಮೇಲೆ ನಿಮ್ಮ ತಮ್ಮನ ಮನೆಗೆ ಹೋಗಿ ನಿಮ್ಮ ತಾಯಿಯವರ ಹತ್ತಿರ ಕೂರುತ್ತೇನೆ. ನಿಮ್ಮ ಕಾಗದ ನನ್ನ ಹೆಸರಿಗೆ ಬಂದಿತ್ತು ಎಂದೆ. “ಮೇಲೆ ಯಾರ ಹೆಸರಿದ್ರೆ ನಂಗೇನು? ನನ್ನ ಮಗಳ ಕಾಗದ ತಾನೆ? ಓದು” ಎಂದರು. ಕುರ್ಚಿಯ ವಿಷಯ, ಹಾಡಿನ ವಿಷಯ ಬಿಟ್ಟು ಓದಿದೆ. ಕೊನೆಯವರೆಗೆ ಕೇಳಿ, “ಅಷ್ಟೇನಾ? ಅವಳು ಇಷ್ಟು ಒಳ್ಳೆಯವಳಲ್ವಲ್ಲ” ಎಂದರು. ಮತ್ತೆ ಮೊದಲಿನಿಂದ ಪೂರ್ತಿ ಓದಬೇಕಾಯಿತು. ಕುರ್ಚಿಯ ಮೇಲೆ ಕೋಳಿ ಕೂತದ್ದಕ್ಕೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಕುರ್ಚಿಯ ಒಂದು ಕಾಲು ಮುರಿದಿತ್ತು, ಅದಕ್ಕೆ ಹಿತ್ತಲಿಗೆ ಹಾಕಿದೆ. ಬೇರೆ ಕಾರಣವಿಲ್ಲ.

ನಾನು ನಿಮ್ಮನ್ನು ಉ, ಅಕ್ಕ ಎನ್ನುವ ಹಾಗೆ ನನ್ನನ್ನು ಬೋಂಗ್ ಎಂದು ಕರೆಯಿರಿ ಎಂದು ಯಾರಿಗೂ ಹೇಳಿಕೊಡಲಿಲ್ಲ. ನನಗೆ ಭಾಷೆ ಬರುತ್ತಿರಲಿಲ್ಲ. ಮೀನಿನ ಪ್ರಹೋಕ್ ಮುಂದಿಟ್ಟಾಗ ಅದರಿಂದ ಹಂದಿಕೊಬ್ಬು ಹುಳಿಸಿ ಮಾಡುವ ನಮ್ಮ ಸಾ-ಉಮ್‌ನ ಹಾಗೇ ಕೊಳೆತ ವಾಸನೆ ಬಂತು. ಊರು ನೆನಪಾಗಿ ಅತ್ತುಬಿಟ್ಟೆ. ಖಾರ ಹತ್ತಿತು ಎಂದುಕೊಂಡು ಎಲ್ಲರೂ ಬೆನ್ನು ತಟ್ಟಿದರು. ಅವತ್ತಿನಿಂದ ಅಕ್ಕ. ಪಾಠ ಹೇಳುವವರ ಬೆನ್ನು ಯಾರು ತಟ್ಟುತ್ತಾರೆ, ಉ ಕಿಮಿ?

ಡಬ್ಬಿಯನ್ನು ಇಟ್ಟವಳು ನಾನೇ. ಅಕ್ಕಿ ಯಾರಿಗೆ ಎಂದು ಹುಡುಗಿಯರನ್ನೇ ಕೇಳಿ. ಅವರೇ ಹೇಳಬೇಕಾದ ಮಾತು ಅದು.

ಇನ್ನೊಂದು ವಿಷಯ. ಹೋದ ಭಾನುವಾರ ನಿಮ್ಮ ತಾಯಿಯವರು ನಿಮ್ಮ ಟ್ರಂಕಿನಿಂದ ಕೆಂಪು ಅಂಚಿನ ಪುವಾನ್ ತೆಗೆದು ನನಗೆ ಉಡಿಸಿ ಚರ್ಚಿಗೆ ಕರೆದುಕೊಂಡು ಹೋದರು. ಬೇಡ ಎಂದೆ, ಕೇಳಲಿಲ್ಲ. ಒಗೆದು ಮಡಿಸಿ ಇಟ್ಟಿದ್ದೇನೆ.

ನಿಮ್ಮ
ಡಿಕಿ


ನೋಮ್ ಪೆನ್
29 ಅಕ್ಟೋಬರ್ 2000

ಪ್ರಿಯ ಡಿಕಿ,

ಅಕ್ಕಿ ಯಾರಿಗೆ ಎಂದು ಕೇಳಿದೆ. ಸ್ರೈಮಮ್ ಅಕ್ಕಿಯ ಹಿಡಿ ಬಿಗಿಹಿಡಿದು ಡಬ್ಬಿಯ ಮುಂದೆ ನಿಂತಿದ್ದಳು. ಚಂತಾಳ ಮುಖ ನೋಡಿದಳು. ಚಂತಾ ಮಿಂಗ್ ಯೂನ್ ಮುಖ ನೋಡಿದಳು. ಮಿಂಗ್ ಯೂನ್ ಮೀನಿನ ಮುಖ ನೋಡಿದಳು. ಕೊನೆಗೆ ಸ್ರೈಮಮ್ “ಬೋಂಗ್ ಡಿಕಿಗೆ” ಎಂದಳು. ತಿಂಗಳಿಗೊಮ್ಮೆ ಮಾರುತ್ತಾರಂತೆ, ನೀನು ಮರಳಿ ಬರುವ ಟಿಕೆಟ್ಟಿಗೆ.

ಮರಳಿ ಬಂದವಳ ಕಣ್ಣೆದುರಿಗೇ ಹೋದವಳಿಗೆ ಅಕ್ಕಿ ಕೂಡಿಡುತ್ತಿದ್ದಾರೆ. ನೀನು ಕಲಿಸಿದ್ದೀಯ, ಚೆನ್ನಾಗಿ ಕಲಿತಿದ್ದಾರೆ. ನಮ್ಮೂರಲ್ಲಿ ಆ ಹಿಡಿ ದೇವರ ಕೆಲಸಕ್ಕೆ, ಯಾವ ಒಬ್ಬಳ ಹೆಸರಿಗೂ ಅಲ್ಲ. ನಿನಗೆ ಇದು ಗೊತ್ತಿಲ್ಲ ಎಂದು ನಾನು ನಂಬುವುದಿಲ್ಲ.

ಪಚುಂ ಬೆನ್‌ಗೆ ರಜೆ ಕೊಟ್ಟೆ. ಮರಳಿ ಬರುವಾಗ ಎಲ್ಲರೂ ಬಾಳೆಎಲೆಯಲ್ಲಿ ಕಟ್ಟಿದ ಅನ್ಸೊಂ ಕಡುಬು ತಂದರು. ನನಗೆ ಹನ್ನೆರಡು ಸಿಕ್ಕವು. ಒಬ್ಬಳೂ ನನ್ನ ಕಣ್ಣಲ್ಲಿ ಕಣ್ಣಿಟ್ಟು ಕೊಡಲಿಲ್ಲ. ನಾನು ಬಂದಾಗಿನಿಂದ ಇವರು ನನ್ನಿಂದ ಏನೋ ಮುಚ್ಚಿಡುತ್ತಿದ್ದಾರೆ.

ಬೋರ್ಡಿನವರು ಬರೆದಿದ್ದರು, ಬರುವ ವರ್ಷದಿಂದ ನನಗೊಬ್ಬ ಸಹಾಯಕಿ ಬೇಕೇ ಎಂದು. ಬೇಡ ಎಂದು ತಿಳಿಸಿದೆ. ನನ್ನ ಆರೋಗ್ಯ ಚೆನ್ನಾಗಿದೆ. ಎರಡು ಕೈಯ ಕೆಲಸಕ್ಕೆ ನಾಲ್ಕು ಕೈ ಏಕೆ?

ಆ ಪುವಾನ್ ನನ್ನ ಅಜ್ಜಿ ನೇಯ್ದದ್ದು. ಟ್ರಂಕಿನಲ್ಲೇ ಇರಲಿ.

ಕಿಮಿ

ಇದನ್ನು ಅಮ್ಮನಿಗೆ ಓದಬೇಡ.


ಚಂಫಾಯ್
22 ನವೆಂಬರ್ 2000

ಗೌರವಾನ್ವಿತ ಉ ಕಿಮಿಯವರಿಗೆ,

ನಿಮ್ಮ ಕಾಗದ ತಲುಪಿತು. ಪುವಾನ್ ಟ್ರಂಕಿನಲ್ಲಿದೆ. ನಿಮ್ಮ ಆರೋಗ್ಯ ಚೆನ್ನಾಗಿದೆ ಎಂದು ತಿಳಿದು ಸಂತೋಷವಾಯಿತು. ಇಲ್ಲಿ ಭತ್ತದ ಕೊಯ್ಲು ಮುಗಿದಿದೆ. ಶಾಲೆಯಲ್ಲಿ ಪರೀಕ್ಷೆ ನಡೆಯುತ್ತಿದೆ.

ಕಾಗದವನ್ನು ನಿಮ್ಮ ತಾಯಿಯವರಿಗೆ ಓದಲಿಲ್ಲ. ಲಕೋಟೆ ಮಾತ್ರ ಅವರ ಕೈಗೆ ಸಿಕ್ಕಿತು. ಈಗ ಅವರೇ ಹೇಳುತ್ತಾರಂತೆ, ನಾನು ಬರೆಯಬೇಕಂತೆ. ಹೇಳಿದ ಹಾಗೇ ಬರೆಯುವುದಾಗಿ ಮಾತು ತೆಗೆದುಕೊಂಡಿದ್ದಾರೆ. ಇನ್ನು ಮುಂದಿನದು ಅವರ ಮಾತು.

ಕಿಮೀ, ನಿನ್ನ ಕಾಗದ ಬಂದ ದಿನ ಈ ಹುಡುಗಿ ಓದಲ್ಲ ಅಂದ್ಳು. ಹಿತ್ತಲಿಗೆ ಹೋಗಿ ಹಂದಿ ಗೂಡಿನ ಹಿಂದೆ ನಿಂತ್ಕೊಂಡ್ಳು. ನನಗೆ ಕಣ್ಣು ಕಾಣಲ್ಲ, ಮೂಗು ಸುರಿಯೋದು ಕೇಳುತ್ತೆ. ಏನು ಬರೆದೆ ಅವಳಿಗೆ? ಬರಿ ಡಿಕೀ, ಯಾಕೆ ನಿಲ್ಲಿಸಿದೆ? ‘ಮೂಗು ಸುರಿಯೋದು’ ಅಂತಾನೂ ಬರಿ.

ಈ ಹುಡುಗಿ ಬೋರ್ಡಿಗೆ ತನ್ನ ಹೆಸರು ಕೊಟ್ಟಿದ್ಳು, ಕಿಮೀ. ನಿನಗೆ ಸಹಾಯಕ್ಕೆ ಅಂತ ಕೇಳಿದ್ರಲ್ಲ, ಅದು ಇವಳೇ. ಇವಳು ನಿನಗೆ ಹೇಳ್ಲಿಲ್ಲ, ನೀನು ಕೇಳ್ಲಿಲ್ಲ. ‘ಅವರಿಗೆ ಬೇಡ್ವಂತೆ ಪೀ ಅಜ್ಜಿ’ ಅಂತ ಬಂದು ಹೇಳಿದ್ಳು, ಅಷ್ಟೆ. ಬರಿ, ಬರಿ. ಹೆಸರು ಕೊಟ್ಟಿದ್ದು ಕಳ್ಳತನನಾ, ಬರೆಯೋಕೆ ನಾಚ್ಕೊಳ್ಳೋಕೆ?

ನೀನು ಚಿಕ್ಕೋಳಿದ್ದಾಗ ನಿನ್ನ ತಮ್ಮನಿಗೆ ಹಾಲು ಕೊಟ್ರೆ ನನ್ನ ತೋಳು ಕಚ್ತಿದ್ದೆ. ಗುರುತು ಇನ್ನೂ ಇದೆ. ಹಲ್ಲು ಬಿದ್ದೋಗೋ ವಯಸ್ಸು ಬಂತು, ಕಚ್ಚೋದು ಬಿಡು.

ಇವಳು ಈಗ ಪುವಾನ್ ಮುಟ್ಟೋದೂ ಇಲ್ಲ, ಅದನ್ನ ನಾನೇ ಉಡಿಸಿದ್ದು. ನನ್ನ ಅತ್ತೆ ನೇಯ್ದಿದ್ದು, ನನ್ನ ಟ್ರಂಕು. ಮುಗೀತು, ನನ್ನ ಹೆಸರು ಹಾಕು.

ರುವಾಲ್‌ಖುಮಿ

ಮೇಲಿನದರಲ್ಲಿ ನಾನು ಏನನ್ನೂ ಸೇರಿಸಿಲ್ಲ, ಬಿಟ್ಟೂ ಇಲ್ಲ. ಬಿಡಬೇಕೆಂದಿದ್ದೆ.

ಬಿಯಾಕ್‌ಡಿಕಿ


ನೋಮ್ ಪೆನ್
28 ಡಿಸೆಂಬರ್ 2000

ಡಿಕಿ,

ಹೆಸರು ಕೊಟ್ಟದ್ದನ್ನು ನೀನು ನನಗೆ ಮೊದಲೇ ಬರೆಯಬಹುದಿತ್ತು. ಬರೆದಿದ್ದರೂ ನಾನು ಬೇಡ ಎನ್ನುತ್ತಿದ್ದೆನೇನೋ. ಆದರೆ ಅಮ್ಮನ ಬಾಯಿಂದ ಕೇಳುವ ಹಾಗೆ ಮಾಡಿದೆ.

ಆ ಕಾಗದ ಬಂದ ವಾರವೇ ನಮ್ಮ ಕ್ರಿಸ್ಮಸ್ ಊಟ. ಇಲ್ಲಿ ಆ ದಿನ ಕಾರ್ಖಾನೆಗೆ ರಜೆ ಇಲ್ಲವಾದ್ದರಿಂದ ಹಿಂದಿನ ದಿನ, ಭಾನುವಾರ ಮಧ್ಯಾಹ್ನ ಇಟ್ಟುಕೊಂಡೆವು. ಮಿಂಗ್ ಯೂನ್ ಮಾರುಕಟ್ಟೆಗೆ ಹೋಗಿದ್ದಳು. ನಾನು ಅಡುಗೆಮನೆಯಲ್ಲಿ ಒಬ್ಬಳೇ ಇದ್ದೆ. ಡಬ್ಬಿ ತುಂಬಿ ಬಂದಿತ್ತು. ಮುಚ್ಚಳ ಸರಿಯಾಗಿ ಕೂರುತ್ತಿರಲಿಲ್ಲ. ಅದನ್ನೆತ್ತಿ ಪಾತ್ರೆಗೆ ಸುರಿದು, ತೊಳೆದು, ಒಲೆಗೇರಿಸಿದೆ. ಚೀಲದಲ್ಲಿ ಅಕ್ಕಿ ಇತ್ತು. ಅದನ್ನೂ ಬರೆಯುತ್ತೇನೆ, ನೀನು ಹೇಗೂ ಕೇಳುತ್ತೀಯ.

ಎಲ್ಲರೂ ಚಾಪೆಯ ಮೇಲೆ ಕೂತರು. ನಾನೇ ಬಡಿಸಿದೆ. ಸ್ರೈಮಮ್ ಉಪ್ಪು ತರಲು ಒಳಗೆ ಹೋದವಳು ಖಾಲಿ ಡಬ್ಬಿ ಹಿಡಿದುಕೊಂಡು ಬಂದಳು.

“ನೆಯಕ್ ಕ್ರೂ, ಇದರಲ್ಲಿದ್ದಿದ್ದು?”

“ತಟ್ಟೆಯಲ್ಲಿದೆ.”

“ಬೇಯಿಸಿಬಿಟ್ರಾ?”

“ಅಕ್ಕಿಯನ್ನ ಮತ್ತೇನು ಮಾಡ್ತಾರೆ? ಕೂತ್ಕೊ, ಊಟ ಮಾಡು.”

ಅವಳು ಕೂರಲಿಲ್ಲ. ಚಂತಾ ಬಾಯಿಗಿಟ್ಟ ತುತ್ತನ್ನು ಅಂಗೈಗೆ ಉಗುಳಿದಳು. ಕೊನೆಯಲ್ಲಿ ಕೂತ ಚಿಕ್ಕವಳು ಅಳತೊಡಗಿದಳು. “ಬೋಂಗ್ ಡಿಕಿಗೆ ಏನಾಯ್ತು? ಕಾಗದದಲ್ಲಿ ಏನ್ ಬಂತು? ನಿಜ ಹೇಳಿ ನೆಯಕ್ ಕ್ರೂ” ಎಂದು ಚಂತಾ ನನ್ನ ತೋಳು ಹಿಡಿದು ಅಲ್ಲಾಡಿಸಿದಳು. ಎಂಟು ವರ್ಷದಲ್ಲಿ ಈ ಮನೆಯಲ್ಲಿ ಯಾರೂ ನನ್ನನ್ನು ಹಾಗೆ ಮುಟ್ಟಿರಲಿಲ್ಲ. ಏನೂ ಆಗಿಲ್ಲ, ಚೆನ್ನಾಗಿದ್ದಾಳೆ ಎಂದೆ. ನಂಬಲಿಲ್ಲ. ಮಿಂಗ್ ಯೂನ್ ಬಂದು ಪಾತ್ರೆ ನೋಡಿ, ಎಲ್ಲರ ತಟ್ಟೆಯ ಅನ್ನವನ್ನೂ ಬುಟ್ಟಿಗೆ ಸುರಿದುಕೊಂಡು ನದಿಗೆ ಹಾಕಿ ಬಂದಳು. ನನ್ನ ತಟ್ಟೆ ಬಿಟ್ಟಳು. ನಾನು ಉಂಡೆ. ಪೂರ್ತಿ ಉಂಡೆ.

ಕೂಡಿಟ್ಟ ಅಕ್ಕಿಯನ್ನು ಆ ಮನೆಯವರೇ ಬೇಯಿಸಬಾರದು, ಅದು ತಪ್ಪು, ನನಗೆ ಗೊತ್ತಿತ್ತು. ಆದರೆ ತಪ್ಪು ಮಾಡಿದರೆ ಬೈಯುತ್ತಾರೆ, ಅಳುವುದಿಲ್ಲ. ನೀನು ಇವರಿಗೆ ಏನು ಹೇಳಿಕೊಟ್ಟಿದ್ದೀಯ?

ಕಿಮಿ


ಚಂಫಾಯ್
24 ಜನವರಿ 2001

ಉ ಕಿಮಿ,

ಕೇಳಿದ್ದೀರಿ. ಹೇಳುತ್ತೇನೆ.

ನಾನು ಬರುವ ಮುಂಚೆ ನಿಮ್ಮನ್ನು ಸ್ಟ್ರೆಚರಿನಲ್ಲಿ ಕರೆದೊಯ್ದಾಗ ನೀವು ಅರಿಸಿನದ ಕೊಂಬಿನ ಹಾಗಿದ್ದಿರಂತೆ. ನಾನು ಬಂದು ವಾರವಾಗಿರಲಿಲ್ಲ, ಪಚುಂ ಬೆನ್ ಬಂತು. ಹುಡುಗಿಯರು ಊರಿಗೆ ಹೊರಟು ನಿಂತವರು ನನ್ನೆದುರು ಅಳುತ್ತಾ ಏನೋ ಕೇಳಿದರು. ಚಂತಾ ಕೈಸನ್ನೆ ಮಾಡಿ ತಿಳಿಸಿದಳು. ಮಂದಿರದಲ್ಲಿ ತಮ್ಮ ಹಿರಿಯರಿಗೆ ಇಡುವ ಅನ್ನದ ಜೊತೆ ನಿಮ್ಮ ಹೆಸರಿಗೂ ಒಂದು ಉಂಡೆ ಇಡಬಹುದೇ ಎಂದು. ನೀವು ದಾರಿಯಲ್ಲೇ ಹೋಗಿಬಿಟ್ಟಿರಿ ಎಂದುಕೊಂಡಿದ್ದರು.

ಅವರು ಸತ್ತಿಲ್ಲ, ಬದುಕಿದ್ದಾರೆ ಎಂದು ಹೇಳಲು ನನಗೆ ಮಾತು ಬರುತ್ತಿರಲಿಲ್ಲ. ಅನ್ನದ ಪಾತ್ರೆ ತೋರಿಸಿ, ಇದು ಸತ್ತವರಿಗೆ ಎಂದು ಸನ್ನೆ ಮಾಡಿದೆ. ಚೀಲದಿಂದ ಒಂದು ಹಿಡಿ ಹಸಿ ಅಕ್ಕಿ ತೆಗೆದು, ಇದು ಬದುಕಿರುವವರಿಗೆ ಎಂದು ಬಿಸ್ಕತ್ತಿನ ಡಬ್ಬಿಗೆ ಹಾಕಿದೆ. ನಮ್ಮ ಅಡುಗೆಮನೆ ನೆನಪಾಗಿ ಹಾಗೆ ಮಾಡಿದೆ, ಅಷ್ಟೆ. ಅವರಿಗೆ ಅದೇ ಶಾಸ್ತ್ರವಾಯಿತು. ಬೇಯಿಸಿದ್ದು ಹೋದವರಿಗೆ, ಹಸಿ ಅಕ್ಕಿ ಮರಳಿ ಬರುವವರಿಗೆ. ನೀವು ನನ್ನ ಅಕ್ಕಿಯನ್ನು ಬೇಯಿಸಿದಿರಿ. ಅವರು ಯಾಕೆ ಅತ್ತರು ಎಂದು ಈಗ ತಿಳಿಯಿತೇ?

ಡಬ್ಬಿ ಮೊದಲು ನಿಮ್ಮದು, ಉ ಕಿಮಿ. ನೀವು ಮರಳಿ ಬರುವ ಟಿಕೆಟ್ಟಿಗೆ. ಅಕ್ಕಿ ಮಾರಿ ಬೋರ್ಡಿಗೆ ಕಳಿಸಿದ ಆ ದುಡ್ಡಿನಲ್ಲಿ ವಿಮಾನದ ಕಿಟಕಿಯೂ ಬರುತ್ತಿರಲಿಲ್ಲ, ಆದರೆ ಹಿಡಿ ಒಂದು ದಿನವೂ ತಪ್ಪಲಿಲ್ಲ. ನಿಮಗೆ ಅವರು ಹೇಳಲಾರರು. ಬದುಕಿ ಮನೆಗೆ ಬಂದವರ ಮುಂದೆ, ನಿಮಗೆ ಉಂಡೆ ಇಡಲು ಹೊರಟಿದ್ದೆವು ಎನ್ನುವುದು ಅಪಶಕುನ. ನಿಮ್ಮ ಕಣ್ಣು ತಪ್ಪಿಸುವುದು ಅದಕ್ಕೆ.

ನಾನು ಹೇಳಬಹುದಿತ್ತು. ಹೇಳಲಿಲ್ಲ. ಯಾಕೆ ಎಂದರೆ, ಒಂದು ವರ್ಷ ನಾನು ಆ ಒಲೆಯ ಮುಂದೆ ನಿಂತು “ನೆಯಕ್ ಕ್ರೂಗೆ”, “ನೆಯಕ್ ಕ್ರೂಗೆ” ಎಂದು ಅಕ್ಕಿ ಬೀಳುವುದನ್ನು ಕೇಳಿದ್ದೇನೆ. ನಾನೇ ಕಲಿಸಿದ್ದು, ನಿಮ್ಮ ಹೆಸರಿಗೆ. ನನ್ನನ್ನು ಅಕ್ಕ ಎಂದರು, ಬೆನ್ನು ತಟ್ಟಿದರು, ನನ್ನ ಜೊತೆ ನಕ್ಕರು. ಹಿಡಿ ಮಾತ್ರ ನಿಮಗೆ. ಅಲ್ಲಿಂದ ಬಂದು ಇಲ್ಲಿ ನಿಮ್ಮ ತಾಯಿಯವರ ಪಕ್ಕದಲ್ಲಿ ಕೂತರೆ ಇಲ್ಲೂ ಅದೇ. ಅವರು ಪ್ರತಿ ಸಂಜೆ ತಡವಿಕೊಂಡು ಅಕ್ಕಿ ಡಬ್ಬದ ಹತ್ತಿರ ಹೋಗಿ, ಒಂದು ಹಿಡಿ ತೆಗೆದು, “ಕಿಮಿಗೆ” ಎನ್ನುತ್ತಾರೆ. ಹೆಂಗಸರ ಸಭೆಯವರು ಬಂದು ಒಯ್ಯುವ ಆ ಅಕ್ಕಿ ಯಾವ ಒಬ್ಬಳ ಹೆಸರಿಗೂ ಅಲ್ಲ ಎಂದು ಬರೆದಿರಲ್ಲ, ನಿಮ್ಮ ಮನೆಯಲ್ಲೇ ಕೇಳಿ. ನಿಮ್ಮ ಪುವಾನ್ ನನಗೆ ಉಡಿಸುತ್ತಾರೆ. ಹಿಡಿ ನಿಮಗೆ.

ನನಗೂ ಒಂದು ಡಬ್ಬಿ ಇದೆ ಎಂದು ನಿಮ್ಮ ಅಕ್ಟೋಬರಿನ ಕಾಗದದಿಂದಲೇ ತಿಳಿಯಿತು. ಆ ಸಾಲನ್ನು ಎಷ್ಟು ಸಲ ಓದಿದೆನೋ. ಅದನ್ನು ನೀವು ಉಂಡಿರಿ.

ಡಿಕಿ


ನೋಮ್ ಪೆನ್
20 ಫೆಬ್ರವರಿ 2001

ಪ್ರಿಯ ಡಿಕಿ,

ನಿನ್ನ ಕಾಗದವನ್ನು ಮಡಿಸಿ ಜೇಬಿನಲ್ಲಿ ಇಟ್ಟುಕೊಂಡು ಮಿಂಗ್ ಯೂನ್ ಹತ್ತಿರ ಹೋದೆ. ಅವಳು ನಿಂಬೆಹುಲ್ಲು ಕುಟ್ಟುತ್ತಿದ್ದಳು.

“ಆ ಡಬ್ಬಿ ಮೊದಲು ನಂದಾ?” ಎಂದೆ.

ಕುಟ್ಟುವುದು ನಿಂತಿತು. “ಯಾರು ಹೇಳಿದ್ದು? ನಾನಲ್ಲಪ್ಪ.”

“ಡಿಕಿ ಬರೆದಿದ್ದಾಳೆ.”

“ದೂರದಿಂದ ಬರೆದ್ರೆ ದೋಷ ಇಲ್ಲ” ಎಂದು ಮತ್ತೆ ಕುಟ್ಟತೊಡಗಿದಳು. ತಲೆ ಎತ್ತದೆ, “ನಾನು ಎರಡೆರಡು ಹಿಡಿ ಹಾಕ್ತಿದ್ದೆ. ನನ್ನ ಕೈ ಚಿಕ್ಕದು ಅಂತ” ಎಂದಳು.

“ಮತ್ತೆ ಅವಳಿಗೆ?”

“ಅವಳಿಗೂ ಎರಡೇ. ನೀವೇನು ನೆಯಕ್ ಕ್ರೂ, ತಕ್ಕಡಿ ತಂದಿದ್ದೀರಾ?”

ಮಿಂಗ್ ಯೂನ್ ಕೈ ನೀನು ನೋಡಿದ್ದೀಯ. ಗಂಡಸರ ಕೈಗಿಂತ ದೊಡ್ಡದು.

ಅಂದು ಸಂಜೆ ಹುಡುಗಿಯರನ್ನು ಕೂರಿಸಿ, ಬೋಂಗ್ ಡಿಕಿ ಬದುಕಿದ್ದಾಳೆ, ನನ್ನ ಮೇಲೆ ಸಿಟ್ಟಾಗಿದ್ದಾಳೆ ಎಂದು ಹೇಳಿದೆ. ನಿನ್ನ ಕಾಗದ ತೋರಿಸಿದೆ. ಓದಲು ಬಾರದಿದ್ದರೂ ಅಕ್ಷರದ ಸಿಟ್ಟು ಅವರಿಗೆ ತಿಳಿಯಿತು. ಸಮಾಧಾನವಾಯಿತು. ಖಾಲಿ ಡಬ್ಬಿಯನ್ನು ತೊಳೆದು ಬಿಸಿಲಿಗಿಟ್ಟಿದ್ದೆ. ಅದಕ್ಕೆ ಮೊದಲ ಹಿಡಿ ನಾನು ಹಾಕಿದೆ. ನಿನ್ನ ಹೆಸರು ಹೇಳಿ ಹಾಕಿದೆ. ಸುಲಭವಾಗಿರಲಿಲ್ಲ. ನನ್ನ ಬೆರಳು ಸ್ವಲ್ಪ ಸಡಿಲಾಗಿ ನಾಲ್ಕು ಕಾಳು ಒಲೆಯ ಬೂದಿಗೆ ಬಿದ್ದವು. ಚಂತಾ ಅವನ್ನೂ ಆರಿಸಿ ಹಾಕಿದಳು.

ನನ್ನ ಆರೋಗ್ಯ ಚೆನ್ನಾಗಿದೆ ಎಂದು ಬರೆದಿದ್ದೆ. ಮೆಟ್ಟಿಲು ಹತ್ತುವಾಗ ಅರ್ಧದಲ್ಲಿ ನಿಲ್ಲುತ್ತೇನೆ. ಅಲ್ಲಿ ಗೋಡೆಯ ಚಿತ್ರ ಸರಿಪಡಿಸುವವಳಂತೆ ನಟಿಸುತ್ತೇನೆ. ಆ ಚಿತ್ರ ಈ ಮನೆಯಲ್ಲಿ ಎಲ್ಲಕ್ಕಿಂತ ನೆಟ್ಟಗಿದೆ. ಬೋರ್ಡಿಗೆ ಬರೆದಿದ್ದೇನೆ, ಸಹಾಯಕಿ ಬೇಕು, ಬಿಯಾಕ್‌ಡಿಕಿಯೇ ಬೇಕು, ಬೇರೆ ಯಾರನ್ನು ಕಳಿಸಿದರೂ ಒಲೆ ಎಲ್ಲಿದೆ ಎಂದು ತೋರಿಸುವುದರಲ್ಲೇ ವರ್ಷ ಕಳೆಯುತ್ತದೆ ಎಂದು. ಏಪ್ರಿಲ್ ಹೊತ್ತಿಗೆ ಹೊರಡಬೇಕಾಗಬಹುದು. ಬರುವಾಗ ಸಾ-ಉಮ್ ತಾ, ಚೆನ್ನಾಗಿ ಕಟ್ಟಿ ತಾ. ಪುವಾನ್ ಕೂಡ ತಾ. ಅದು ಅಮ್ಮನ ಟ್ರಂಕು, ಅವಳು ಹೇಳಿದ ಹಾಗೆ.

ಕುರ್ಚಿಗೆ ಹೊಸ ಕಾಲು ಹಾಕಿಸಿದ್ದೇನೆ. ಅದರಲ್ಲಿ ನಾನೇ ಕೂರುತ್ತೇನೆ. ಎರಡನೇ ಚರಣ ನಿಧಾನವಾಗಿಯೇ ಹಾಡೋಣ. ಮೊದಲನೆಯದು ನನ್ನ ಹಾಗೆ.

ಒಂದು ವಿಷಯ ಮೊದಲೇ ತಿಳಿದಿರಲಿ. ಹತ್ತಿರ ಇರುವವರಿಗೆ ಯಾರೂ ಹಿಡಿ ಅಕ್ಕಿ ತೆಗೆದಿಡುವುದಿಲ್ಲ. ನೀನು ಈ ಹೊಸಿಲು ದಾಟಿದ ದಿನವೇ ನಿನ್ನ ಡಬ್ಬಿಗೆ ಅಕ್ಕಿ ಬೀಳುವುದು ನಿಲ್ಲುತ್ತದೆ. ಇದನ್ನು ಬರೆಯುವಾಗ ನನಗೆ ಸ್ವಲ್ಪ ಸಂತೋಷವೂ ಆಗುತ್ತಿದೆ.

ನಿನ್ನ
ಉ ಕಿಮಿ


ಚಂಫಾಯ್
19 ಮಾರ್ಚ್ 2001

ಪ್ರೀತಿಯ ಉ ಕಿಮಿ,

ಬೋರ್ಡಿನ ಆದೇಶ ಬಂತು. ಈಸ್ಟರ್ ಆದ ಮೇಲೆ ಹೊರಡುತ್ತೇನೆ. ಸಾ-ಉಮ್ ಸೋರೆಬುರುಡೆಯಲ್ಲಿದೆ. ಇನ್ನೂ ಹುಳಿಯಬೇಕು.

ನಿಮ್ಮ ಕಾಗದವನ್ನು ಪೂರ್ತಿ ಓದಿ ಹೇಳಿದೆ, ಕೊನೆಯ ಸಾಲನ್ನೂ ಸೇರಿಸಿ. ನಿಮ್ಮ ತಾಯಿಯವರು, “ಹಾಂ, ಇದು ನನ್ನ ಮಗಳು ಬರೆದಿದ್ದು” ಎಂದರು.

ನೆನ್ನೆ ಸಂಜೆ ಅವರು ಎಂದಿನಂತೆ ಅಕ್ಕಿ ಡಬ್ಬದ ಹತ್ತಿರ ಹೋದರು. “ಕಿಮಿಗೆ” ಎಂದು ಒಂದು ಹಿಡಿ ತೆಗೆದರು. ಮತ್ತೆ ಕೈ ಹಾಕಿ ಇನ್ನೊಂದು ಹಿಡಿ ತೆಗೆದು, “ಡಿಕಿಗೆ” ಎಂದರು.

“ನಾನಿನ್ನೂ ಹೋಗೇ ಇಲ್ವಲ್ಲ ಪೀ, ಇಲ್ಲೇ ಕೂತಿದ್ದೀನಲ್ಲ” ಎಂದೆ.

“ಹೋಗ್ತೀಯಲ್ಲ. ಕೈಗೆ ಅಭ್ಯಾಸ ಆಗ್ಲಿ” ಎಂದರು.

ಎರಡರಲ್ಲಿ ಯಾವ ಹಿಡಿ ದೊಡ್ಡದಿತ್ತು ಎಂದು ನೀವು ಕೇಳುತ್ತೀರಿ, ನನಗೆ ಗೊತ್ತು. ನಾನು ಹತ್ತಿರದಿಂದ ನೋಡಿದ್ದೇನೆ. ಹೇಳುವುದಿಲ್ಲ.

ನಿಮ್ಮ
ಡಿಕಿ